ಮಗು ಅಳುತ್ತಿದೆ

ಮಲಗಿದ್ದ ಮೊಮ್ಮಗುವಿನ ಅಂಗಾಲಿಗೆ ಅವಳು ಬೆರಳಿನಿಂದ ಫಟ್ಟನೆ ಚಿಮ್ಮಿದ್ದನ್ನು ಬಾಗಿಲಲ್ಲಿ ನಿಂತಿದ್ದ ಮಗಳು ನೋಡಿಬಿಟ್ಟಳು. ಮಗು ಒಮ್ಮೆ ಕಾಲು ಜಾಡಿಸಿ, ಮುಖ ಕೆಂಪಗೆ ಮಾಡಿಕೊಂಡು, ಉಸಿರು ಒಳಗೆಳೆದು ಕಿಟಾರನೆ ಅತ್ತಿತು. ಆ ಅಳು ಕಿವಿಗೆ ಬಿದ್ದದ್ದೇ ತಡ, ಹೊರೆ ಇಳಿಸಿದ ಕೂಲಿಯವನ ಹಾಗೆ ಅವಳ ಹೆಗಲು ತಾನಾಗಿ ಕೆಳಗಿಳಿಯಿತು. "ಅಮ್ಮಾ, ಏನ್ ಮಾಡ್ತಿದೀಯ? ಈಗ ತಾನೇ ಮಲಗಿಸಿ ಆ ಕಡೆ ಹೋಗಿದ್ದೆ" ಎಂದು ಮಗಳು ಓಡಿಬಂದು ಮಗುವನ್ನು ಬಾಚಿಕೊಂಡಳು. ಸೊಳ್ಳೆ ಕೂತಿತ್ತು ಅಂದಳು ಇವಳು. "ನಿನ್ನೇನೂ ಸೊಳ್ಳೆ ಕೂತಿತ್ತು, ಮೊನ್ನೇನೂ ಕೂತಿತ್ತು. ಈ ಮನೇಲಿ ನನ್ನ ಮಗೂನ ಬಿಟ್ಟು ಇನ್ಯಾರನ್ನೂ ಕಚ್ಚಲ್ವಾ ಆ ಸೊಳ್ಳೆ?" ಇವಳು ಚೀಲ ಹುಡುಕುವ ನೆಪದಲ್ಲಿ ಬಗ್ಗಿದಳು. ನಿದ್ದೆಯೆಂದರೆ ಹೇಗಿರುತ್ತದೆ, ಮಗುವಿನ ಎದೆ ನಿದ್ದೆಯಲ್ಲಿ ಹೇಗೆ ಏರಿಳಿಯುತ್ತದೆ ಎನ್ನುವುದನ್ನು ಅವಳಿಗೆ ಯಾರಾದರೂ ಹೇಳಿಕೊಡಬೇಕಿತ್ತೇ? ಮಕ್ಕಳ ತುರ್ತು ವಿಭಾಗದಲ್ಲಿ ನರ್ಸಾಗಿಯೇ ಕೂದಲು ನೆರೆಸಿಕೊಂಡವಳು. ಆದರೂ ತುಟಿ ಸ್ವಲ್ಪ ತೆರೆದು, ರೆಪ್ಪೆ ಪೂರ್ತಿ ಮುಚ್ಚದೆ ಮಲಗಿದ್ದ ಆ ಪುಟ್ಟ ಮುಖವನ್ನು ನೋಡುತ್ತ ನಿಂತಾಗ, ಗೊತ್ತಿದ್ದದ್ದೆಲ್ಲ ಸಂತೆಯಲ್ಲಿ ಕೈಬಿಟ್ಟ ಕೂಸಿನ ಹಾಗೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಬೆರಳು ತಾನೇ ಮುಂದೆ ಹೋಗುತ್ತಿತ್ತು. "ಡ್ಯೂಟಿ ಮಾಡೋದಿದ್ರೆ ಆಸ್ಪತ್ರೇಲಿ ಮಾಡು ಅಮ್ಮ. ಇಲ್ಲಿ ಅಜ್ಜಿಯಾಗಿರು, ಸಾಕು" ಎಂದು ಮಗಳು ಹಿಂದಿನಿಂದ ಹೇಳಿದ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಿತ್ತು. ಅದು ತನ್ನ ಬಗ್ಗೆಯೇ ಎಂದು ತಿಳಿದು ಅವಳು ಚಪ್ಪಲಿ ಮೆಟ್ಟುವಾಗ ಎಡದ್ದನ್ನು ಬಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿಯಿದ್ದರೂ ಅವಳು ಕೂರಲಿಲ್ಲ. ಮೊದಲೆಲ್ಲ ಹತ್ತಿದ ಕೂಡಲೇ ಕೂತು, ತಲೆಯನ್ನು ಗಾಜಿಗೆ ಒರಗಿಸಿ, ಇಳಿಯುವ ಸ್ಟಾಪಿನ ತನಕ ಕೋಳಿನಿದ್ದೆ ಮಾಡುತ್ತಿದ್ದವಳು. ಈಗ ಹತ್ತುವ ಮೊದಲೇ ಕಂಡಕ್ಟರು ಗಂಡಸೋ ಹೆಂಗಸೋ ಎಂದು ಕಣ್ಣು ಹುಡುಕುತ್ತಿತ್ತು. ಗಂಡಸಾದರೆ ಒಂದು ಉಸಿರು ಸಲೀಸಾಗಿ ಹೊರಬರುತ್ತಿತ್ತು. ಈ ಕಂಡಕ್ಟರು ಗಂಡಸೇ, ಮೀಸೆ ಹೊತ್ತವನು. ಆದರೆ ಅವನು ಬಾಗಿಲಲ್ಲಿ ಜೋತುಬಿದ್ದು "ಸೇತುವೆ, ಸೇತುವೆ ಯಾರ್ರೀ ಇಳಿಯೋರು" ಎಂದು ಕೂಗಿದಾಗ ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸೇತುವೆ, ಹಳೇ ಮಾರ್ಕೆಟ್ಟು. ಅವತ್ತು ಆಸ್ಪತ್ರೆಯಲ್ಲಿ ಆ ಕಂಡಕ್ಟರ್ ಹೆಂಗಸು ಅದನ್ನು ಕೂಗಿರಲಿಲ್ಲ, ಹಾಡಿದ್ದಳು. ಕೂಗಿ ಕೂಗಿ ಒಡೆದ ದನಿಯಲ್ಲಿ, ಸಮವಸ್ತ್ರದ ಮೇಲೆಯೇ ಮಗುವನ್ನು ಎದೆಗವುಚಿಕೊಂಡು, ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ನಡೆಯುತ್ತ ತನ್ನ ದಾರಿಯ ಸ್ಟಾಪುಗಳನ್ನೆಲ್ಲ ಒಂದೊಂದಾಗಿ ಪೋಣಿಸಿ ಲಾಲಿ ಮಾಡಿ ಹಾಡಿದ್ದಳು. ಇವತ್ತು ಮಧ್ಯಾಹ್ನ ಆಕೆ ಡಾಕ್ಟರನ್ನು ಕಾಣಲು ಬರುತ್ತಾಳೆ. ಅದಕ್ಕೂ ಮೊದಲು ಸಭೆ. ಮೀಸೆಯವನು ಇವಳ ಹೆಗಲು ತಟ್ಟಿ, "ಅಮ್ಮಾವ್ರೇ, ಆಸ್ಪತ್ರೆ ಬಂತು, ದಿನಾ ಇಳಿಯೋರು ನೀವು, ಇವತ್ತು ಡಿಪೋ ನೋಡೋಕೆ ಬರ್ತೀರಾ?" ಎಂದ. ಹಿಂದಿನ ಸೀಟಿನವರು ನಕ್ಕರು.

ತುರ್ತು ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಡಾಕ್ಟರುಗಳು ಎದುರಿಗೆ ಸಿಸ್ಟರ್ ಅನ್ನುತ್ತಾರೆ, ಬೆನ್ನ ಹಿಂದೆ ಅವರೂ ದೊಡ್ಡಕ್ಕ ಅನ್ನುತ್ತಾರೆ. ಒಳಗೆ ಕಾಲಿಡುತ್ತಿದ್ದ ಹಾಗೆ ಔಷಧಿಯ, ಉಚ್ಚೆಯ, ನೆಲ ಒರೆಸಿದ ನೀರಿನ ವಾಸನೆ. ಅದರ ಜೊತೆಗೆ ಅಳು. ಎಷ್ಟು ಬಗೆಯ ಅಳು! ಸೂಜಿಯ ಅಳು, ಹಸಿವಿನ ಅಳು, ಅಪರಿಚಿತರನ್ನು ಕಂಡ ಅಳು, ಅಮ್ಮ ಅಳುತ್ತಿದ್ದಾಳೆ ಎಂದು ತಾನೂ ಅಳುವ ಅಳು. ಕಣ್ಣು ಕಟ್ಟಿ ಬಿಟ್ಟರೂ ಇದು ಇಂಥದ್ದು ಎಂದು ಹೇಳಬಲ್ಲೆ ಎಂಬ ಹಮ್ಮು ಒಂದು ಕಾಲದಲ್ಲಿ ಅವಳಿಗಿತ್ತು. ಮೇಜಿನ ಮುಂದೆ, ಎಲ್ಲರೂ ಗಡಿಬಿಡಿ ಎಂದು ಕರೆಯುವ ಕಿರಿಯ ನರ್ಸು ಹೊಸದಾಗಿ ಬಂದ ಮಗುವಿನ ಜ್ವರ, ನಾಡಿ, ಉಸಿರನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ಪರದೆಯ ನಡುವೆ ಹಳದಿ ಚೌಕ ಮೂಡಿತು. "ಅತ್ತೆ ಬಂದ್ಲು ದೊಡ್ಡಕ್ಕಾ" ಎಂದು ಅಭ್ಯಾಸ ಬಲದಿಂದ ಕೂಗಿದವಳು ನಾಲಿಗೆ ಕಚ್ಚಿಕೊಂಡು, "ಅಲ್ಲ, ಎಚ್ಚರಿಕೆ ಬಂದಿದೆ, ಡಾಕ್ಟರನ್ನ ಕರೀತೀನಿ" ಎಂದು ಎದ್ದು ಓಡಿದಳು. ಓಡಿದ ರಭಸಕ್ಕೆ ಕುರ್ಚಿ ಒಂದು ಸುತ್ತು ತಿರುಗಿ ನಿಂತಿತು. ಆ ಕಂಡಕ್ಟರ್ ಹೆಂಗಸು ಬಂದುಹೋದ ದಿನದಿಂದ ವಿಭಾಗದಲ್ಲಿ ಯಾರೂ ಅತ್ತೆ ಎನ್ನುತ್ತಿರಲಿಲ್ಲ. ದೊಡ್ಡಕ್ಕನ ಎದುರಿಗಂತೂ ಇಲ್ಲವೇ ಇಲ್ಲ.

ಅತ್ತೆ ಎಂದು ಹೆಸರಿಟ್ಟವಳು ದೊಡ್ಡಕ್ಕನೇ. ಕಂಪ್ಯೂಟರಿನ ಈ ಎಚ್ಚರಿಕೆಯ ಏರ್ಪಾಡು ಹೊಸದಾಗಿ ಬಂದಾಗ ದಿನಕ್ಕೆ ನೂರು ಸಲ ಹಳದಿ ಚೌಕ ಎದ್ದು ನಿಲ್ಲುತ್ತಿತ್ತು: ಸೋಂಕು ರಕ್ತಕ್ಕೆ ಇಳಿದಿರಬಹುದು, ಡಾಕ್ಟರು ತಕ್ಷಣ ನೋಡಬೇಕು. ಕಾರಣ ಕೊಡದೆ ಜಾಗ ಬಿಡುತ್ತಿರಲಿಲ್ಲ. ಹೂಂ ಅಂದರೆ ಹೂಂ ಯಾಕೆ, ಊಹೂಂ ಅಂದರೆ ಊಹೂಂ ಯಾಕೆ ಎಂದು ಕೇಳುವವಳು ಅತ್ತೆಯಲ್ಲದೆ ಇನ್ಯಾರು ಎಂದು ಅವಳು ಅಂದಿದ್ದೇ ಇಡೀ ವಿಭಾಗ ಬಿದ್ದು ಬಿದ್ದು ನಕ್ಕಿತ್ತು. ಅತ್ತೆಗೊಂದು ಉತ್ತರ ಕೊಡು, ಅತ್ತೆ ಬಾಯಿ ಮುಚ್ಚಿಸು. ಮುಚ್ಚಿಸುವುದಕ್ಕೆ ಪರದೆಯ ಮೇಲೆ ಮೊದಲು ಎರಡೇ ಉತ್ತರಗಳಿದ್ದವು. ಡಾಕ್ಟರು ನೋಡಿದ್ದಾರೆ ಎಂಬುದೊಂದು, ಮತ್ತೆ ಅಳತೆ ತೆಗೆಯಬೇಕು ಎಂಬುದೊಂದು. ಸಲಹೆ ಕೇಳಲು ಕರೆದ ಸಭೆಯಲ್ಲಿ, ಹಿರಿಯ ಡಾಕ್ಟರು, ಮೇಲಧಿಕಾರಿಗಳು, ಟೈ ಕಟ್ಟಿದ ಕಂಪ್ಯೂಟರಿನ ಹುಡುಗ ಎಲ್ಲರೂ ಇದ್ದ ಸಭೆಯಲ್ಲಿ, ಅವಳು ಎದ್ದು ನಿಂತಿದ್ದಳು. "ಅಳೋ ಮಗೂ ನಾಡಿ ಓಡದೆ ತೆವಳುತ್ತೇನ್ರೀ? ಅತ್ತರೆ ನಾಡಿ ಏರುತ್ತೆ, ನಾಡಿ ಏರಿದ್ರೆ ನಿಮ್ಮ ಕಂಪ್ಯೂಟರು ಬೊಬ್ಬೆ ಹಾಕುತ್ತೆ. ಅದಕ್ಕೊಂದು ಮಗು ಹುಟ್ಟಿದ್ರೆ ಗೊತ್ತಾಗ್ತಿತ್ತು. ಮಗು ಅಳುತ್ತಿದೆ ಅಂತ ಒಂದು ಗುಂಡಿ ಕೊಡಿ ನಮಗೆ." ಚಪ್ಪಾಳೆ ಬಿದ್ದಿತ್ತು. ಟೈ ಕಟ್ಟಿದವನು ಅಲ್ಲಿಯೇ ಬರೆದುಕೊಂಡಿದ್ದ. ಮುಂದಿನ ವಾರ ಪರದೆಯ ಮೇಲೆ ಅವಳ ಮಾತು ಅಕ್ಷರವಾಗಿ ಕೂತಿತ್ತು: ಮಗು ಅಳುತ್ತಿದೆ. ಅದನ್ನು ಒತ್ತಿದರೆ ಅರ್ಧ ಗಂಟೆ ಹಳದಿ ಚೌಕ ಆ ಮಗುವಿನ ಸುದ್ದಿಗೆ ಬರುತ್ತಿರಲಿಲ್ಲ. ಅಷ್ಟರೊಳಗೆ ಮಗುವನ್ನು ಸಮಾಧಾನ ಮಾಡಿ, ಅಳು ನಿಂತ ಮೇಲೆ ಮತ್ತೆ ನಾಡಿ ನೋಡಬೇಕು ಎಂಬುದು ಕ್ರಮ. ಆ ಸಂಜೆ ಮನೆಯಲ್ಲಿ ಗಂಡನಿಗೆ ಎರಡೆರಡು ಸಲ ಹೇಳಿದ್ದಳು. "ನಾನು ಮದುವೆಯಾದಾಗಿಂದ ನಿನ್ನ ಮಾತು ಕೇಳ್ತಿದೀನಿ, ನನಗ್ಯಾರೂ ಚಪ್ಪಾಳೆ ಹೊಡೀಲಿಲ್ಲ" ಎಂದು ಅವನು ನಕ್ಕಿದ್ದ.

ಗಡಿಬಿಡಿ ಕರೆತಂದ ಡಾಕ್ಟರು ಮಗುವನ್ನು ನೋಡುತ್ತಿದ್ದಾಗ ಅವಳು ಮಂಚದ ತುದಿಯಲ್ಲಿ ನಿಂತು ಹೊದಿಕೆಯ ಕೆಳಗಿಂದ ಪಾದ ಹಿಡಿದಳು. ಬೆಚ್ಚಗಿತ್ತು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಬಿಳಿಚಿಕೊಂಡ ಚರ್ಮಕ್ಕೆ ಕೂಡಲೇ ಕೆಂಪು ಓಡಿಬಂತು. ಇಷ್ಟೇ. ಒಂದು ಹಣೆ ಸವರುವಷ್ಟು ಹೊತ್ತು. ಮೊದಲೆಲ್ಲ, ಕಂಪ್ಯೂಟರು ಬರುವ ಮುಂಚೆ, ಬಾಗಿಲಲ್ಲಿ ಮಗುವನ್ನು ಇಸಿದುಕೊಳ್ಳುವಾಗಲೇ ಅವಳ ಕೈ ಪಾದಕ್ಕೆ ಹೋಗುತ್ತಿತ್ತು. ಮೈ ಕೆಂಡ, ಕಾಲು ತಣ್ಣೀರು ಅಂದರೆ ಸೋಂಕು ರಕ್ತಕ್ಕೆ ಇಳಿಯುತ್ತಿದೆ ಎಂದು ಡಾಕ್ಟರನ್ನು ಊಟದಿಂದ ಎಬ್ಬಿಸಿ ತರುತ್ತಿದ್ದಳು. ಕಂಪ್ಯೂಟರು ಪಾದದ ವಿಷಯ ಕೇಳುತ್ತಿರಲಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಹುಡುಕುವ ಅಭ್ಯಾಸ ಯಾವಾಗ ತಪ್ಪಿತೋ ತಿಳಿಯದು. ಆದರೆ ಕಂಪ್ಯೂಟರನ್ನು ದೂರಿ ಏನು ಬಂತು? ಆ ಹೆಂಗಸಿನ ಮಗು ಬಂದಾಗ ಅದು ತನಗೆ ಕೇಳಿಸಿದ ಮಟ್ಟಿಗೆ ಸರಿಯಾಗಿಯೇ ಹೇಳಿತ್ತು. ಈ ಮಗುವಿಗೆ ಡಾಕ್ಟರು ಬೇಕು, ಈಗಲೇ ಬೇಕು ಅಂದಿತ್ತು. ಆ ದಿನ ಜ್ವರದ ಮಕ್ಕಳು ಬಾಗಿಲಿನಿಂದಾಚೆಗೂ ಸಾಲು ಹಚ್ಚಿದ್ದರು. ಪಕ್ಕದ ಮಂಚದಲ್ಲಿ ಹುಬ್ಬು ಒಡೆದುಕೊಂಡ ಹುಡುಗನಿಗೆ ಹೊಲಿಗೆ ಹಾಕುವಾಗ ತಲೆ ಹಿಡಿದುಕೊಳ್ಳಲು ಜನವಿರಲಿಲ್ಲ. ಕಂಡಕ್ಟರ ಸಮವಸ್ತ್ರದ ಹೆಂಗಸು, ಇನ್ನೂ ಎರಡು ತುಂಬದ ಹೆಣ್ಣುಮಗುವನ್ನು ಎತ್ತಿಕೊಂಡು, ಟಿಕೆಟಿನ ಚೀಲವನ್ನೂ ತೆಗೆದಿಡದೆ ಬಂದಿದ್ದಳು. ಮಗು ಮುಗಿಲು ಹರಿಯುವ ಹಾಗೆ ಅಳುತ್ತಿತ್ತು. ಹಳದಿ ಚೌಕ ಎದ್ದಿತು. ದೊಡ್ಡಕ್ಕ ಅದರ ಮಾತನ್ನು ಓದಲೂ ಇಲ್ಲ. ಮನೆಯ ದೀಪದ ಗುಂಡಿಯನ್ನು ಕತ್ತಲಲ್ಲಿ ಒತ್ತುವಂತೆ ಒತ್ತಿದಳು. ಮಗು ಅಳುತ್ತಿದೆ. ಸುಳ್ಳೇನಲ್ಲ. ಎದುರಿಗೇ ಅಳುತ್ತಿತ್ತು.

"ಮೊದಲು ಸಮಾಧಾನ ಮಾಡಮ್ಮ. ಅಳು ನಿಲ್ಲಲಿ, ಆಮೇಲೆ ನಾಡಿ ನೋಡ್ತೀನಿ." ಆ ಹೆಂಗಸು ಕಿಟಕಿಯ ಹತ್ತಿರ ಹೋಗಿ ನಡೆಯತೊಡಗಿದಳು. ಇವಳು ಹುಡುಗನ ತಲೆ ಹಿಡಿದುಕೊಂಡಳು. ಅವನ ಅರಚಾಟ ಕಿವಿಯ ಪಕ್ಕದಲ್ಲೇ. ಅದರ ಆಚೆಗೆ, ಕಿಟಕಿಯ ಕಡೆಯಿಂದ, ಆ ಒಡಕು ದನಿ. ಶಾಲೆ ಬಂತು, ಸೇತುವೆ ಬಂತು. ಸಣ್ಣಗೆ ಏರಿ ಇಳಿಯುವ ಒಂದು ರಾಗ. ಕಿಟಕಿಯ ಅಳು ಕಡಿಮೆಯಾಗುತ್ತ ಬಂತು, ನಡುನಡುವೆ ತಡೆದಿತು, ನಿಂತಿತು. ಬೆಳಗಿನಿಂದ ಚಿಟ್ಟೆನ್ನುತ್ತಿದ್ದ ತಲೆಗೆ ಯಾರೋ ತಣ್ಣನೆಯ ಬಟ್ಟೆ ಹಾಕಿದ ಹಾಗಾಯಿತು. ಹೌದು, ಅವಳಿಗೆ ಹಾಯೆನಿಸಿತ್ತು. ಅದನ್ನು ಈಗಲೂ ಅವಳು ಅಲ್ಲಗಳೆಯಲಾರಳು. ಅಳುವ ಮಕ್ಕಳಲ್ಲಿ ಒಂದು ಕಡಿಮೆಯಾಯಿತು ಎಂದು ಅವಳ ಮೈ ಮನಸ್ಸೆಲ್ಲ ಹಾಯಾಗಿತ್ತು. ಹೆಂಗಸು ಹತ್ತಿರ ಬಂದು, ಗೆದ್ದವಳ ಹಾಗೆ, ಪಿಸುದನಿಯಲ್ಲಿ "ಮಲಗಿದಳು ಸಿಸ್ಟರ್" ಅಂದಳು. ಇವಳು ಹುಡುಗನ ಹಣೆಯಿಂದ ಕಣ್ಣು ತೆಗೆಯದೆ, "ಒಳ್ಳೇದಾಯ್ತು, ಮಲಗಲಿ ಬಿಡು. ಎಬ್ಬಿಸಬೇಡ" ಅಂದಳು.

ಎಬ್ಬಿಸಬೇಡ. ಹೊಲಿಗೆ ಮುಗಿದು, ಕೈ ತೊಳೆದು, ಅವಳು ಆ ಕಡೆ ಹೋಗುವ ಹೊತ್ತಿಗೆ ತಾಯಿ ಬೆಂಚಿನ ಮೇಲೆ ಅಲುಗಾಡದೆ ಕೂತಿದ್ದಳು. ಮಗುವಿಗೆ ಎಚ್ಚರವಾದೀತೆಂದು ಜೋಮು ಹಿಡಿದ ಕಾಲನ್ನೂ ಸರಿಸಿರಲಿಲ್ಲ. ದೊಡ್ಡಕ್ಕ ಮಗುವಿಗೆ ಸುತ್ತಿದ್ದ ಆಸ್ಪತ್ರೆಯ ಟವೆಲಿನ ಅಂಚು ಸರಿಸಿ ಪಾದ ಮುಟ್ಟಿದಳು. ತಣ್ಣಗಿತ್ತು. ಆಮೇಲಿನದು ಓಟ, ಕೂಗು, ಟ್ಯೂಬು, ಎದೆ ಒತ್ತುವ ಕೈಗಳು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಸಭೆಯ ಕೋಣೆಯಲ್ಲಿ ಪರದೆ ಇಳಿಬಿಟ್ಟಿದ್ದರು. ಕಂಪ್ಯೂಟರಿನ ಹುಡುಗ ಈ ಸಲ ಟೈ ಕಟ್ಟಿರಲಿಲ್ಲ. ಗೋಡೆಯಗಲಕ್ಕೆ ಆ ದಿನದ ಹಳದಿ ಚೌಕ, ಅದರ ಕೆಳಗೆ ಅವಳು ಕೊಟ್ಟ ಉತ್ತರ. ಮಗು ಅಳುತ್ತಿದೆ. ಅಷ್ಟು ದೊಡ್ಡ ಅಕ್ಷರದಲ್ಲಿ ತನ್ನ ಮಾತನ್ನು ನೋಡುವುದೆಂದರೆ ನಡುಬೀದಿಯಲ್ಲಿ ಬಟ್ಟೆ ಜಾರಿದ ಹಾಗೆ. "ನಿಯಮ ಸರಿಯಾಗೇ ಕೆಲಸ ಮಾಡಿದೆ ಸರ್. ಎಚ್ಚರಿಕೆ ಬಂದಿದೆ. ನಿಂತಿದ್ದು ಈ ಗುಂಡಿಯಿಂದ" ಎಂದ ಹುಡುಗ, ತಾನೇ ಹೇಳಿದ್ದಕ್ಕೆ ತಾನೇ ಹೆದರಿ, "ತಪ್ಪು ತಿಳೀಬೇಡಿ ಮೇಡಂ. ನಿಮ್ಮ ಗುಂಡಿ ಒಳ್ಳೇದೇ. ಸಾವಿರಾರು ಸಲ ಒತ್ತಿದ್ದಾರೆ, ಇದೊಂದ್ಸಲ ಬಿಟ್ರೆ ಎಲ್ಲಾ ಸಲವೂ ಮಗು ಬರೀ ಅಳ್ತಾನೇ ಇತ್ತು" ಎಂದ. ನಿಮ್ಮ ಗುಂಡಿ. ಹಿರಿಯ ಡಾಕ್ಟರು ಮೇಜು ತಟ್ಟಿ, "ಇದು ಯಾರನ್ನೂ ದೂರೋ ಸಭೆ ಅಲ್ಲ. ಏರ್ಪಾಡಿನಲ್ಲಿ ಒಂದು ತೂತಿತ್ತು, ಮುಚ್ಚೋಣ" ಅಂದರು. ಎಲ್ಲರೂ ತಲೆಯಾಡಿಸಿದರು. ಯಾರೋ ಅವಳ ಕಡೆಗೆ ನೀರಿನ ಲೋಟ ಸರಿಸಿದರು. ಬೈದಿದ್ದರೆ ತಡೆದುಕೊಂಡಾಳು, ಬೈಗುಳಕ್ಕೆ ಒಂದು ಕೊನೆಯಿರುತ್ತದೆ. ಈ ಬೆನ್ನು ಸವರುವಿಕೆಗೆ ಕೊನೆಯಿಲ್ಲ. ಇಂದಿನಿಂದಲೇ ಗುಂಡಿ ತೆಗೆಯುವುದೆಂದು ತೀರ್ಮಾನವಾಯಿತು. "ಅದರ ಜಾಗದಲ್ಲಿ ಏನು ಹಾಕೋಣ ಮೇಡಂ?" ಎಂದು ಹುಡುಗ ಕೇಳಿದ. ಕಾಲು ಮುಟ್ಟಿ ನೋಡಿ ಎಂದು ಹಾಕಪ್ಪ ಎನ್ನಲು ಅವಳು ಬಾಯಿ ತೆರೆದಳು. ಮುಟ್ಟದವಳು ಯಾವ ಮುಖದಿಂದ ಹೇಳಬೇಕು? ತೆರೆದ ಬಾಯಿಗೆ ನೀರು ಸುರಿದುಕೊಂಡಳು.

ಹೊರಗೆ ಬಂದಾಗ ಹಿರಿಯ ಡಾಕ್ಟರು ಅವಳ ಜೊತೆಗೇ ಹೆಜ್ಜೆ ಹಾಕಿದರು. ಒಳ್ಳೆಯ ಮನುಷ್ಯ. ಮಗು ಹೋದ ಸಂಜೆ ಎಲ್ಲರೂ ಹೊರಟ ಮೇಲೆ ಅವರು ಖಾಲಿ ಮಂಚದ ಮೇಲೆ ಕೂತಿದ್ದನ್ನು ಅವಳು ನೋಡಿದ್ದಳು. "ಆ ತಾಯಿ ಹತ್ರ ನಾನು ಮಾತಾಡ್ತೀನಿ ಸಿಸ್ಟರ್. ನೀವು ಪಕ್ಕದಲ್ಲಿ ಕೂತಿದ್ರೆ ಸಾಕು. ಕಂಪ್ಯೂಟರು, ಗುಂಡಿ, ಅದೆಲ್ಲ ತೆಗೀಬೇಡಿ. ಪಾಪ, ಅವಳಿಗೇನು ಅರ್ಥ ಆಗುತ್ತೆ? ಸೋಂಕು ಜೋರಾಗಿತ್ತು, ಬಂದಾಗಲೇ ತಡವಾಗಿತ್ತು ಅಂತ ಹೇಳೋಣ. ಅದು ಪೂರ್ತಿ ಸುಳ್ಳೂ ಅಲ್ಲವಲ್ಲ." ಅವಳು ಹೂಂ ಅಂದಳು. ಹೂಂ ಅಂದಾಗ ಎಂಥ ನೆಮ್ಮದಿ! ಅಳು ನಿಂತಾಗಿನ ಅದೇ ನೆಮ್ಮದಿ. ಅದನ್ನು ಗುರುತು ಹಿಡಿದು ಅವಳು ಅವರಿಂದ ಒಂದು ಹೆಜ್ಜೆ ಹಿಂದೆ ಬಿದ್ದಳು.

ಮಾತಾಡುವ ಕೋಣೆ ಚಿಕ್ಕದು, ಮೆತ್ತನೆಯ ಕುರ್ಚಿಗಳದ್ದು. ಕೆಟ್ಟ ಸುದ್ದಿಗೆಂದೇ ಇಟ್ಟ ಕೋಣೆಗಳಲ್ಲಿ ಮಾತ್ರ ಕುರ್ಚಿಗಳು ಅಷ್ಟು ಮೆತ್ತಗಿರುತ್ತವೆ. ಆಕೆ ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಬಂದಿದ್ದಳು, ಅದೇ ಸಮವಸ್ತ್ರ, ಅದೇ ಚೀಲ. ಕೂರುವ ಮೊದಲು ಕಾಗದದಲ್ಲಿ ಸುತ್ತಿದ್ದೊಂದನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಆಸ್ಪತ್ರೆ ಟವೆಲು ಸಿಸ್ಟರ್. ಅವತ್ತು ಹಾಗೇ ಬಂದ್ಬಿಟ್ಟಿತ್ತು. ಒಗೆದಿದೀನಿ." ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮೂಲೆ ಸೇರಿಸಿ ಮಡಚಿದ ಟವೆಲು. ಡಾಕ್ಟರು ಗಂಟಲು ಸರಿಪಡಿಸಿಕೊಂಡರು. ಸೋಂಕು ಎಂದರೇನು, ಅದು ರಕ್ತಕ್ಕೆ ಹೇಗೆ ಇಳಿಯುತ್ತದೆ, ಚಿಕ್ಕ ಮಕ್ಕಳಲ್ಲಿ ಎಷ್ಟು ಬೇಗ ಎಂದು ಮೆಲ್ಲಗೆ, ಚೆನ್ನಾಗಿ ಹೇಳಿದರು. "ಬಂದಾಗಲೇ ಸ್ವಲ್ಪ ತಡ ಆಗಿತ್ತಮ್ಮ" ಅಂದರು.

"ಎಷ್ಟು ತಡ ಸರ್? ಬೆಳಗ್ಗೆ ಮೊದಲನೇ ಟ್ರಿಪ್ ಬಿಟ್ಟು ಬಂದಿದ್ರೆ ಆಗ್ತಿತ್ತಾ?"

"ಹಾಗೆಲ್ಲ ಖಂಡಿತ ಹೇಳೋಕಾಗಲ್ಲ."

ಆಕೆ ಟವೆಲಿನ ಮೇಲೆ ಕೈಯಾಡಿಸಿದಳು. "ಇನ್ನೊಂದು ಕೇಳ್ಬೇಕು ಸರ್. ಮನೇಲಿ ಯಾರತ್ರಾನೂ ಹೇಳಿಲ್ಲ ಇದನ್ನ. ನಾನು ಅವಳನ್ನ ಮಲಗಿಸಬಾರದಿತ್ತು, ಅಲ್ವಾ? ಅಳ್ತಾನೇ ಇದ್ದಿದ್ರೆ ನೀವೆಲ್ಲ ತಿರುಗಿ ನೋಡ್ತಿದ್ರಿ. ನಾನು ಸುಮ್ಮನಿರಿಸಿಬಿಟ್ಟೆ. ಆಮೇಲೆ ಬಂದು ಸಿಸ್ಟರಿಗೆ ಮಲಗಿದಳು ಅಂತ ಬೇರೆ ಹೇಳ್ದೆ. ಅವರು ಪಾಪ ನನ್ನ ಮಾತು ನಂಬಿದ್ರು. ತಾಯಿ ಹೇಳ್ತಿದಾಳೆ ಅಂದ್ರೆ ಯಾರು ತಾನೇ ನಂಬಲ್ಲ?"

ಡಾಕ್ಟರು ಹಾಗಲ್ಲಮ್ಮ, ಹಾಗಲ್ಲ ಎಂದು ಶುರು ಮಾಡಿದರು. ದೊಡ್ಡಕ್ಕನಿಗೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಕಂಡಿತು. ಅದು ಆಕೆಯ ಕೈಗೆ ತಡ ಎಂಬ ಮಾತನ್ನು ಕೊಟ್ಟು, ಬಾಗಿಲ ತನಕ ಕಳಿಸಿ, ಹಿಂದಿನಿಂದ ಮೆಲ್ಲಗೆ ಕದ ಹಾಕುತ್ತದೆ. ಈಕೆ ಸೇತುವೆ ಬಂದಾಗ, ಮಾರ್ಕೆಟ್ಟು ಬಂದಾಗ, ಪ್ರತಿ ಸ್ಟಾಪಿನಲ್ಲಿಯೂ ಅದನ್ನು ಹತ್ತಿಸಿಕೊಳ್ಳುತ್ತಾಳೆ. ಅದು ಎಲ್ಲಿಯೂ ಇಳಿಯುವುದಿಲ್ಲ.

"ನೀವು ಮಲಗಿಸಿದ್ದಲ್ಲ" ಎಂದಳು ದೊಡ್ಡಕ್ಕ. ತನ್ನ ದನಿ ಬೇರೆ ಯಾರದ್ದೋ ಅನಿಸಿತು. ವಾರ್ಡಿನಲ್ಲಿ ನೀನು ಎಂದವಳು ಈಗ ನೀವು ಅನ್ನುತ್ತಿದ್ದಳು. "ಅದು ನಿದ್ದೆ ಅಲ್ಲಮ್ಮ. ಸೋಂಕು ಮೈಯೆಲ್ಲ ಹರಡಿ ಎಚ್ಚರ ತಪ್ಪುತ್ತಾ ಇತ್ತು. ನೀವು ಸುಮ್ಮನಿದ್ದಿದ್ರೂ ಅವಳು ಅಳು ನಿಲ್ಲಿಸ್ತಿದ್ಲು." ಡಾಕ್ಟರು ಸಿಸ್ಟರ್ ಎಂದರು. ಅವಳು ಅವರ ಕಡೆ ನೋಡಲಿಲ್ಲ. "ಬಂದ ತಕ್ಷಣ ಕಂಪ್ಯೂಟರು ಹೇಳ್ತು, ಈ ಮಗೂನ ಡಾಕ್ಟರು ಈಗಲೇ ನೋಡ್ಬೇಕು ಅಂತ. ನಾನು ಅದರ ಬಾಯಿ ಮುಚ್ಚಿಸಿದೆ. ಮಗು ಅಳ್ತಿದೆ, ಅದಕ್ಕೇ ನಾಡಿ ಓಡ್ತಿದೆ ಅಂತ ಉತ್ತರ ಒತ್ತಿದೆ. ಪಾದ ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು, ಮುಟ್ಟಲಿಲ್ಲ. ಆಮೇಲೆ ನೀವು ಬಂದು ಹೇಳಿದಾಗ ಎಬ್ಬಿಸಬೇಡ ಅಂದೆ. ಅಂದಿದ್ದು ನಾನು. ನಿಮ್ಮ ಮಾತು ನಂಬಿ ಅಲ್ಲ. ನನಗೆ ಅಳು ನಿಲ್ಲಬೇಕಿತ್ತು."

ಡಾಕ್ಟರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಕೆ ಬಯ್ಯುತ್ತಾಳೆ, ಎದ್ದು ನಿಂತು ಟವೆಲನ್ನು ಮುಖಕ್ಕೆ ಎಸೆಯುತ್ತಾಳೆ ಎಂದು ದೊಡ್ಡಕ್ಕ ಕಾದಳು. ಕಾಯುವುದರಲ್ಲಿ ಒಂದು ಬಗೆಯ ಆಸೆಯೂ ಇತ್ತು. ಆಕೆ ಮೇಜಿನ ಅಂಚನ್ನೇ ನೋಡುತ್ತಿದ್ದಳು. ತುಂಬಿದ ಬಸ್ಸಿನಲ್ಲಿ ಚಿಲ್ಲರೆ ಎಣಿಸುವವರ ಹಾಗೆ ತುಟಿ ಸಣ್ಣಗೆ ಅಲುಗುತ್ತಿತ್ತು. ಕೊನೆಗೆ ಕೇಳಿದಳು, "ಹಾಗಾದ್ರೆ ನನ್ನ ಹಾಡಿಗೆ ಮಲಗಿದ್ದಲ್ಲ ಅವಳು."

ದೊಡ್ಡಕ್ಕ ಕುರ್ಚಿಯ ತುದಿಗೆ ಸರಿದಳು.

"ಅವತ್ತಿಂದ ಅದೊಂದಿತ್ತು ಸಿಸ್ಟರ್ ನನಗೆ. ತಪ್ಪು ನಂದೇ, ಆದ್ರೆ ನನ್ನ ದನಿ ಕೇಳ್ತಾ ಮಲಗಿದ್ಲು. ಹೆದರಿಕೊಂಡು ಹೋಗಲಿಲ್ಲ ಅಂತ." ಆಕೆಯ ಕಣ್ಣಲ್ಲಿ ನೀರಿರಲಿಲ್ಲ. "ನೀವು ಎರಡನ್ನೂ ತಗೊಂಡ್ಬಿಟ್ರಿ."

ಒಂದು ಮುಳ್ಳು ಕೀಳಲು ಹೋದವಳ ಕೈಗೆ ಹಿಡಿ ಮಾಂಸ ಬಂದಿತ್ತು. ಅವಳಿಗೆ ಕೇಳಿಸ್ತಿತ್ತಮ್ಮ, ಕೊನೇವರೆಗೂ ಕಿವಿ ಕೇಳಿಸುತ್ತೆ ಎಂದು ಬಾಯಿತುದಿಗೆ ಬಂದದ್ದನ್ನು ದೊಡ್ಡಕ್ಕ ನುಂಗಿದಳು. ಎಷ್ಟೋ ತಾಯಂದಿರಿಗೆ ಹಾಗೆ ಹೇಳಿದ್ದಳು, ಗುಂಡಿ ಒತ್ತಿದಷ್ಟೇ ಸುಲಭವಾಗಿ. ಈಕೆಗೆ ಹೇಳಲಾಗಲಿಲ್ಲ. ಗೊತ್ತಿದ್ದದ್ದು ಒಂದೇ ಉಳಿದಿತ್ತು.

"ಅವಳಿಗೆ ಕೇಳಿಸ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕೇಳಿಸ್ತಿತ್ತು."

ಆಕೆ ತಲೆಯೆತ್ತಿದಳು. ನಂಬಿಕೆಯಿಲ್ಲದ, ಟಿಕೆಟು ತಗೊಂಡೆ ಎನ್ನುವವರನ್ನು ನೋಡುವ ನೋಟ. "ಏನ್ ಹಾಡ್ತಿದ್ದೆ ಹೇಳಿ?"

"ಶಾಲೆ ಬಂತು. ಸೇತುವೆ ಬಂತು. ಹಳೇ ಮಾರ್ಕೆಟ್ಟು, ಅಲ್ಲಿ ಸ್ವಲ್ಪ ಎಳೆದು ಹೇಳಿದ್ರಿ. ಆಮೇಲೆ ಕೋರ್ಟು. ಆಮೇಲೆ ನೀರಿನ ಟ್ಯಾಂಕು." ದೊಡ್ಡಕ್ಕನಿಗೆ ಹಾಡಲು ಬಾರದು. ಓದಿ ಹೇಳಿದ ಹಾಗೆ ಹೇಳಿದಳು. "ನೀರಿನ ಟ್ಯಾಂಕಿನ ತನಕ ಕೇಳಿಸ್ತು. ಅದರ ಮುಂದೆ ನನಗೆ ಕೇಳಿಸಲಿಲ್ಲ."

"ಅದರ ಮುಂದೆ ನಾನು ಹೇಳಲಿಲ್ಲ" ಎಂದಳು ಆಕೆ. "ಇನ್ನೂ ಎರಡಿವೆ, ರೈಲ್ವೆ ಗೇಟು, ಕೊನೇ ಸ್ಟಾಪು. ಯಾವತ್ತೂ ಅಲ್ಲೀ ತನಕ ಎಚ್ಚರ ಇರ್ತಿರಲಿಲ್ಲ ಅವಳು. ಅವತ್ತೂ ಟ್ಯಾಂಕ್ ಬರೋ ಹೊತ್ತಿಗೆ ಮಲಗ..." ಮಾತು ಅಲ್ಲಿಗೆ ನಿಂತಿತು. ಆಕೆ ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡು, "ಸುಮ್ಮನಾದಳು" ಎಂದು ತಿದ್ದಿಕೊಂಡಳು.

ಎದ್ದು ನಿಂತ ಮೇಲೆ ಡಾಕ್ಟರಿಗೆ ಕೈಮುಗಿದಳು. ದೊಡ್ಡಕ್ಕನಿಗೆ ಮುಗಿಯಲಿಲ್ಲ. ಬಾಗಿಲ ಹತ್ತಿರ ಹೋದವಳು ಹಿಂದೆ ಬಂದು, ಮೇಜಿನ ಮೇಲಿನ ಟವೆಲನ್ನು ತೆಗೆದು, ಮಡಿಕೆ ಕೆಡದ ಹಾಗೆ ಚೀಲಕ್ಕೆ ಹಾಕಿಕೊಂಡು ಹೋದಳು. ಯಾರೂ ಬೇಡ ಎನ್ನಲಿಲ್ಲ. ಕೋಣೆಯಲ್ಲಿ ಇಬ್ಬರೇ ಉಳಿದರು. "ಮೇಲಿನವರಿಗೆ ನಾನು ಏನಾದ್ರೂ ಹೇಳ್ಬೇಕಾಗುತ್ತೆ ಸಿಸ್ಟರ್" ಎಂದರು ಡಾಕ್ಟರು. "ಹೇಳಿ ಸರ್" ಅಂದಳು. ಅವರು ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದರು.

ಸಂಜೆ ಮನೆಗೆ ಬಂದಾಗ ಬೆಳಕು ಇನ್ನೂ ಇತ್ತು. ಮಗಳು ಬಾಗಿಲು ತೆರೆದು, ತಾಯಿಯ ಮುಖ ನೋಡಿ, ಸರಿದು ನಿಂತಳು. ಮಗು ಒಳಗೆ ಮಲಗಿತ್ತು. ದೊಡ್ಡಕ್ಕ ಕೈಕಾಲು ತೊಳೆದು ಬಂದು, ಹಾಸಿಗೆಯಿಂದ ದೂರ, ಗೋಡೆಗೆ ಒರಗಿ ಕೂತಳು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಊಟಕ್ಕೆ ಬಾ ಅಂದರೆ ಬರ್ತೀನಿ ಅಂದಳು, ಏಳಲಿಲ್ಲ. ಕಣ್ಣು ಮಗುವಿನ ಎದೆಯ ಮೇಲೆ. ಏರಿತು. ಇಳಿಯಿತು. ಏರಿತು. ಮಗಳು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಆಸ್ಪತ್ರೆಯಲ್ಲಿ ಒಂದು ಮಗು ಹೋಯಿತು ಎಂಬುದಷ್ಟೇ ಅವಳಿಗೆ ಗೊತ್ತಿತ್ತು, ಹೆಚ್ಚಿಗೆ ಕೇಳಿರಲಿಲ್ಲ, ತಾಯಿ ಹೇಳಿರಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ಹಾಸಿಗೆಯ ಹತ್ತಿರ ಬಗ್ಗಿದಳು. ತಾಯಿ ಮಾಡುತ್ತಿದ್ದಂತೆಯೇ ನಡುಬೆರಳನ್ನು ಹೆಬ್ಬೆರಳಿಗೆ ಒತ್ತಿ ಹಿಡಿದು, ಒಂದು ಕ್ಷಣ ತಡೆದು, ಮಗುವಿನ ಅಂಗಾಲಿಗೆ ಚಿಮ್ಮಿದಳು.

ಮಗು ಕಾಲು ಜಾಡಿಸಿ ಅತ್ತಿತು.

"ಕೇಳಿಸ್ತಾ ಅಮ್ಮ?" ಎಂದಳು ಮಗಳು. ತಟ್ಟೆಯನ್ನು ತಾಯಿಯ ಕಡೆ ಸರಿಸಿದಳು. "ಈಗ ಎರಡು ತುತ್ತು ಊಟ ಮಾಡು."

ದೊಡ್ಡಕ್ಕ ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದಳು. ಮಗು ಇನ್ನೂ ಜೋರಾಗಿ ಅತ್ತಿತು, ಮುಖವೆಲ್ಲ ಬಾಯಾಗಿ, ಯಾರ ಮೇಲೋ ದೂರು ಹೇಳುವ ಹಾಗೆ. ಸ್ವಲ್ಪ ಹೊತ್ತು ಇಬ್ಬರಲ್ಲಿ ಯಾರೂ ಅದನ್ನು ಸಮಾಧಾನ ಮಾಡಲು ಹೋಗಲಿಲ್ಲ.